ಹದಿನೈದು ದಾಟಿದ ಡೀಸೆಲ್ ಗಾಡಿ

(ಮಹಿಳಾ ವೇದಿಕೆಯ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಈ ತಿಂಗಳು ನೀನು ಮಾತಾಡಬೇಕು ಅಂತ ವೇದಿಕೆಯ ಹಿರಿಯರು ಫೋನ್ ಮಾಡಿದಾಗ, ಕೃತಕ ಬುದ್ಧಿಮತ್ತೆ ಅಥವಾ ಕಚೇರಿ-ಮನೆ ಎರಡನ್ನೂ ತೂಗಿಸುವುದು, ಇವುಗಳಲ್ಲಿ ಒಂದನ್ನು ಆರಿಸಿಕೋ ಅಂದರು. ಎರಡೂ ಬೇಡ, ನನ್ನ ಹಳೆಯ ಡೀಸೆಲ್ ಕಾರಿನ ರಿಪೇರಿ ಬಗ್ಗೆ ಮಾತಾಡ್ತೀನಿ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇರಲಿಲ್ಲ. ಆಮೇಲೆ, "ಆಗಲಮ್ಮ, ಆದರೆ ಅಡುಗೆ ಮಾಡೋರಿಗೂ ಅರ್ಥ ಆಗೋ ಹಾಗೆ ಹೇಳು" ಅಂದರು. ಅದೇನು ಕಷ್ಟವಲ್ಲ. ಡೀಸೆಲ್ ಎಂಜಿನ್ನಿಗೂ ಪ್ರೆಶರ್ ಕುಕ್ಕರಿಗೂ ನೆಂಟಸ್ತಿಕೆ ಇದೆ.

ಕಾರು ಯಾವುದು ಅಂತ ಮೊದಲು ಹೇಳಿಬಿಡುತ್ತೇನೆ. ಫಿಯೆಟ್ ಲಿನಿಯಾ, 1.3 ಮಲ್ಟಿಜೆಟ್ ಡೀಸೆಲ್, 2010ರ ನೋಂದಣಿ. ನಮ್ಮಲ್ಲಿ ಅಷ್ಟವಿನಾಯಕ ಯಾತ್ರೆ ಮಾಡಿದವರಿಗೆಲ್ಲ ರಾಂಜಣಗಾಂವ್ ಗೊತ್ತು, ಮಹಾಗಣಪತಿಯ ಊರು. ಅದೇ ಊರಿನ ಕೈಗಾರಿಕಾ ಪ್ರದೇಶದಲ್ಲಿ ಫಿಯೆಟ್ ಮತ್ತು ಟಾಟಾ ಸೇರಿ ನಡೆಸಿದ ಕಾರ್ಖಾನೆಯಲ್ಲಿ ತಯಾರಾದ ಗಾಡಿ ಇದು. ಅಂದರೆ ಇಟಲಿಯ ಹೆಸರಿದ್ದರೂ ನಮ್ಮ ಪುಣೆ ಜಿಲ್ಲೆಯ ಮಗಳೇ. 2009ರ ಜನವರಿಯಲ್ಲಿ ಮಾರಾಟಕ್ಕೆ ಬಂತು, ಹತ್ತು ವರ್ಷದ ಹೊತ್ತಿಗೆ ನಿಂತುಹೋಯಿತು. ಮಾಡುವುದು ನಿಂತ ಗಾಡಿಯನ್ನು ಓಡಿಸುವುದು ಹೇಗೆ ಅನ್ನುವುದೇ ಇವತ್ತಿನ ಮಾತು.

ಯಾಕೆ ಓಡಿಸಬೇಕು ಅಂತ ನೀವು ಕೇಳಬಹುದು. ನಮ್ಮ ಅವ್ವ ಧಾರವಾಡದಲ್ಲಿದ್ದಾಳೆ. ಎರಡೂ ಮೊಣಕಾಲು ಹೋಗಿವೆ. ಚಿಕಿತ್ಸೆ ನಡೆಯುತ್ತಿರುವುದು ಪುಣೆಯಲ್ಲಿ. ಎರಡು ತಿಂಗಳಿಗೊಮ್ಮೆ ಆಕೆಯನ್ನು ಕರೆತಂದು ಮತ್ತೆ ಬಿಟ್ಟುಬರಬೇಕು. ಲಿನಿಯಾದ ಡಿಕ್ಕಿ 500 ಲೀಟರಿನದು. ಗಾಲಿಕುರ್ಚಿ ಮಡಚಿ ಇಟ್ಟರೂ ಪಕ್ಕದಲ್ಲಿ ಎರಡು ಸೂಟ್‌ಕೇಸು, ಒಂದು ಚೀಲ ಜೋಳದ ಹಿಟ್ಟು ಹಿಡಿಯುತ್ತದೆ. ಹಿಂದಿನ ಸೀಟಿನಲ್ಲಿ ಅವ್ವ ಕಾಲು ಚಾಚಿ ಕೂರುತ್ತಾಳೆ. ಇದೇ ಅನುಕೂಲದ ಹೊಸ ಕಾರಿಗೆ ಹತ್ತು ಲಕ್ಷಕ್ಕೆ ಕಡಿಮೆ ಇಲ್ಲ, ಮನೆಯ ಸಾಲದ ಕಂತು ಇನ್ನೂ ಹರಿಯುತ್ತಿದೆ. ಇತ್ತ ಕಳೆದ ವರ್ಷ ಗಾಡಿಯ ಆರ್‌ಸಿಯ ಹದಿನೈದು ವರ್ಷ ಮುಗಿಯುವುದಿತ್ತು. ನವೀಕರಿಸಬೇಕು, ಇಲ್ಲವೇ ಗುಜರಿಗೆ ಕೊಡಬೇಕು.

ಆ ಹೊತ್ತಿಗೇ ಗಾಡಿ ಕೈಕೊಡತೊಡಗಿತು. ಮೇ ತಿಂಗಳ ಮಧ್ಯಾಹ್ನ, ಅವ್ವನನ್ನು ಕರೆದುಕೊಂಡು ಬರುವಾಗ ತವಂದಿ ಘಾಟ್ ಇಳಿದು ನಿಪ್ಪಾಣಿಯ ಹತ್ತಿರ ಚಹಾಕ್ಕೆ ನಿಲ್ಲಿಸಿದೆವು. ಹದಿನೈದು ನಿಮಿಷ ಬಿಟ್ಟು ಕೀಲಿ ತಿರುವಿದರೆ ಸ್ಟಾರ್ಟರ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಬ್ಯಾಟರಿ ಗಟ್ಟಿ, ಡೀಸೆಲ್ ಮುಕ್ಕಾಲು ಟ್ಯಾಂಕ್. ಅವ್ವನನ್ನು ಇಳಿಸಿ ಹೋಟೆಲಿನ ಫ್ಯಾನಿನ ಕೆಳಗೆ ಕೂರಿಸಿದೆ. ಸುಮಾರು ಮುಕ್ಕಾಲು ಗಂಟೆ ಕಳೆದ ಮೇಲೆ, ಏನೂ ಆಗದಂತೆ ಚಾಲೂ ಆಯಿತು. ಅಲ್ಲಿಂದ ಪುಣೆಯವರೆಗೆ ಎಂಜಿನ್ ಆರಿಸಲೇ ಇಲ್ಲ. "ನನ್ನ ಮೊಣಕಾಲಿಗೂ ಹಿಂಗ ಆಗ್ತೈತಿ, ಕುಂತ್ರ ಏಳಾಕ ಬರಂಗಿಲ್ಲ" ಅಂತ ಅವ್ವ ನಕ್ಕಳು. ನನಗೆ ನಗು ಬರಲಿಲ್ಲ. ಇದೇ ಘಾಟಿನ ನಡುವೆ, ರಾತ್ರಿ, ಆಕೆಯನ್ನು ಕೂರಿಸಿಕೊಂಡು ನಿಂತಿದ್ದರೆ?

ಪುಣೆಯ ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ತೋರಿಸಿದೆ. ಸ್ಕ್ಯಾನರ್ ಹಚ್ಚಿದರು, ಪಿ0087 ಅನ್ನುವ ಕೋಡ್ ಬಂತು. ಇಂಧನದ ರೈಲಿನಲ್ಲಿ ಒತ್ತಡ ಕಡಿಮೆ ಅಂತ ಅದರ ಅರ್ಥ. ಎಸ್ಟಿಮೇಟ್ ಕೊಟ್ಟರು: ಹೈ ಪ್ರೆಶರ್ ಪಂಪು, ನಾಲ್ಕೂ ಇಂಜೆಕ್ಟರ್, ಕೂಲಿ ಸೇರಿ ಒಂದು ಲಕ್ಷದ ಮೇಲೆ. ಜೊತೆಗೆ, "ಮ್ಯಾಡಮ್, ಇಷ್ಟು ಹಾಕೋದಕ್ಕಿಂತ ಗಾಡಿ ಕೊಟ್ಟುಬಿಡಿ, ಸರ್ ಜೊತೆ ಒಮ್ಮೆ ಮಾತಾಡಿ" ಅನ್ನುವ ಉಪದೇಶ ಪುಕ್ಕಟೆ. ಸರ್ ನಮ್ಮ ಮನೆಯಲ್ಲಿ ಅಡುಗೆ ಚೆನ್ನಾಗಿ ಮಾಡುತ್ತಾರೆ, ಇಂಜೆಕ್ಟರ್ ವಿಷಯ ಅವರಿಗೆ ಗೊತ್ತಿಲ್ಲ ಅಂತ ಹೇಳಿ ಗಾಡಿ ವಾಪಸ್ ತಂದೆ.

ನನ್ನ ಕೆಲಸವೇ ಸಾಫ್ಟ್‌ವೇರಿನ ದೋಷ ಹುಡುಕುವುದು. ಎರರ್ ಕೋಡ್ ಅಂದರೆ ಕಾಯಿಲೆ ಅಲ್ಲ, ಜ್ವರ. ಜ್ವರ ಬಂದಿದೆ ಅಂತ ಮೂರು ಅಂಗ ಬದಲಿಸುವ ವೈದ್ಯರಿಲ್ಲ. ಒತ್ತಡ ಕಡಿಮೆಯಾಗಲು ಪಂಪ್ ಸವೆದಿರಬಹುದು, ಫಿಲ್ಟರ್ ಕಟ್ಟಿರಬಹುದು, ಒತ್ತಡ ನಿಯಂತ್ರಿಸುವ ವಾಲ್ವ್ ಕೆಟ್ಟಿರಬಹುದು, ಎಲ್ಲೋ ಸೋರುತ್ತಿರಬಹುದು, ಅಥವಾ ಎಲ್ಲ ಸರಿಯಿದ್ದು ಸೆನ್ಸರ್ ಸುಳ್ಳು ಹೇಳುತ್ತಿರಬಹುದು. ಸ್ಟೀರಿಂಗ್ ಕೆಳಗೆ ಒಂದು ಒಬಿಡಿ ಪೋರ್ಟ್ ಇರುತ್ತದೆ. ಅದಕ್ಕೆ ಸಿಕ್ಕಿಸುವ ಇಎಲ್ಎಂ327 ಅನ್ನುವ ಸಣ್ಣ ಡಬ್ಬಿ ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಫಿಯೆಟ್ ಗಾಡಿಗಳಿಗೆಂದೇ ಮಲ್ಟಿಇಸಿಯುಸ್ಕ್ಯಾನ್ ಅನ್ನುವ ತಂತ್ರಾಂಶವಿದೆ. ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಪಾರ್ಕಿಂಗಿನಲ್ಲಿ ಕೂತೆ. ಮುಂಜಾನೆ ತಣ್ಣಗಿದ್ದಾಗ ಕೀಲಿ ತಿರುವಿದರೆ ರೈಲಿನ ಒತ್ತಡ ಸರಸರನೆ ಏರಿ ಎಂಜಿನ್ ಹಿಡಿಯುತ್ತಿತ್ತು. ಒಂದು ಗಂಟೆ ಓಡಿಸಿ ಬಿಸಿ ಮಾಡಿ ನಿಲ್ಲಿಸಿದ ಮೇಲೆ ಅದೇ ಅಂಕಿ ನೂರಿಪ್ಪತ್ತು, ನೂರಮೂವತ್ತು ಬಾರ್‌ನಲ್ಲಿ ತೂಕಡಿಸುತ್ತಿತ್ತು.

ಈಗ ಕುಕ್ಕರಿಗೆ ಬರೋಣ. ಹಳೆಯ ಡೀಸೆಲ್ ಎಂಜಿನ್‌ಗಳಲ್ಲಿ ಪಂಪು ಪ್ರತಿ ಸಿಲಿಂಡರಿಗೂ ಸರದಿಯ ಮೇಲೆ ಇಂಧನ ತಳ್ಳುತ್ತಿತ್ತು. ಕಾಮನ್ ರೈಲ್ ಬಂದ ಮೇಲೆ ಎಲ್ಲ ಸಿಲಿಂಡರಿಗೂ ಸೇರಿ ಒಂದೇ ಗಟ್ಟಿ ಕೊಳವೆ, ಅದರಲ್ಲಿ ಯಾವಾಗಲೂ ಒತ್ತಡ ತುಂಬಿರುತ್ತದೆ. ಇಂಜೆಕ್ಟರ್‌ಗಳು ಕಂಪ್ಯೂಟರ್ ಹೇಳಿದ ಕ್ಷಣಕ್ಕೆ ಬಾಯಿ ತೆರೆಯುತ್ತವೆ. ಈ ವ್ಯವಸ್ಥೆ ಇದ್ದ ಮೊದಲ ಕಾರು ಮಾರಾಟಕ್ಕೆ ಬಂದದ್ದು 1997ರಲ್ಲಿ, ಅದು ಫಿಯೆಟ್ ಬಳಗದ ಆಲ್ಫಾ ರೋಮಿಯೊ 156. ನಮ್ಮ ಕಾರಿನ ಟೈರಿನಲ್ಲಿ ಇರುವ ಗಾಳಿ ಎರಡು ಬಾರ್ ಚಿಲ್ಲರೆ. ಈ ಕೊಳವೆಯಲ್ಲಿ ಗಾಡಿ ಓಡುವಾಗ ಸಾವಿರ ಬಾರ್‌ಗೂ ಮೀರಿದ ಒತ್ತಡ. ಸೋರುತ್ತಿದೆಯೇ ಅಂತ ಕೈಯಿಟ್ಟು ನೋಡುವ ಜಾಗ ಅದಲ್ಲ, ಎಳೆಯಷ್ಟು ಸಣ್ಣ ಧಾರೆಯೂ ಚರ್ಮ ತೂರಿ ಒಳಗೆ ಹೋಗುತ್ತದೆ. ದಯವಿಟ್ಟು ಯಾರೂ ಆ ಸಾಹಸ ಮಾಡಬೇಡಿ.

ಇಂಜೆಕ್ಟರ್ ಬಾಯಿ ತೆರೆಯುವ ಬಗೆ ವಿಚಿತ್ರ. ಅಷ್ಟು ಒತ್ತಡದ ಎದುರು ಸೂಜಿಯನ್ನು ವಿದ್ಯುತ್ ನೇರವಾಗಿ ಎತ್ತಲಾರದು. ಅದಕ್ಕೇ ಸೂಜಿಯ ತಲೆಯ ಮೇಲಿನ ಸಣ್ಣ ಕೋಣೆಯಿಂದ ಸ್ವಲ್ಪ ಡೀಸೆಲ್ಲನ್ನು ಹೊರಗೆ ಬಿಡುತ್ತದೆ. ಮೇಲಿನ ಒತ್ತಡ ಇಳಿಯುತ್ತದೆ, ಕೆಳಗಿನ ಒತ್ತಡ ಸೂಜಿಯನ್ನು ಎತ್ತುತ್ತದೆ. ಹೊರಬಿಟ್ಟ ಡೀಸೆಲ್ ರಿಟರ್ನ್ ಪೈಪಿನಲ್ಲಿ ವಾಪಸ್ ಹೋಗುತ್ತದೆ. ಆ ಪುಟ್ಟ ವಾಲ್ವಿನ ಕೂರುವ ಜಾಗ ಸವೆದರೆ, ಬೇಡದ ಹೊತ್ತಿನಲ್ಲೂ ಡೀಸೆಲ್ ಜಾರಿ ಹೋಗುತ್ತಲೇ ಇರುತ್ತದೆ. ಗ್ಯಾಸ್ಕೆಟ್ ಸಡಿಲವಾದ ಕುಕ್ಕರಿನ ಹಾಗೆ, ಉರಿ ಎಷ್ಟಿದ್ದರೂ ಸೀಟಿ ಬರುವುದಿಲ್ಲ. ಗಾಡಿ ಓಡುವಾಗ ಪಂಪು ಜೋರಾಗಿ ತಿರುಗುವುದರಿಂದ ಸೋರಿಕೆಯನ್ನು ಮೀರಿಸಿ ತುಂಬುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಸ್ಟಾರ್ಟರಿನ ನಿಧಾನ ತಿರುಗುವಿಕೆಯಲ್ಲಿ ಪಂಪಿನ ಶಕ್ತಿ ಅಷ್ಟಕ್ಕಷ್ಟೆ. ತಣ್ಣಗಿನ ಡೀಸೆಲ್ ಸ್ವಲ್ಪ ಮಂದ, ಸೋರಿಕೆ ಕಡಿಮೆ. ಬಿಸಿಯಾದರೆ ತೆಳ್ಳಗಾಗಿ ಹೆಚ್ಚು ಸೋರುತ್ತದೆ. ಇಂತಿಷ್ಟು ಒತ್ತಡ ಮುಟ್ಟದ ಹೊರತು ಕಂಪ್ಯೂಟರ್ ಇಂಜೆಕ್ಟರಿಗೆ ಅಪ್ಪಣೆಯನ್ನೇ ಕೊಡುವುದಿಲ್ಲ. ನಿಪ್ಪಾಣಿಯಲ್ಲಿ ಆದದ್ದು ಇದು.

ಇದನ್ನು ನಾನು ಪುಸ್ತಕದಿಂದ ತಿಳಿದೆ. ಖಾತ್ರಿ ಮಾಡಿಕೊಟ್ಟವರು ಒಬ್ಬ ಕಾಕಾ. ಇಂಡಿ ತಾಲ್ಲೂಕಿನವರು, ನಲವತ್ತು ವರ್ಷದ ಹಿಂದೆ ಪುಣೆಗೆ ಬಂದು ಲಾರಿಗಳ ಡೀಸೆಲ್ ಪಂಪು ಬಿಚ್ಚುತ್ತಾ ಕೆಲಸ ಕಲಿತವರು. ನನ್ನ ಮಾತಿನ ಧಾಟಿ ಕೇಳಿದ್ದೇ "ಧಾರವಾಡ ಕಡೇವ್ರೇನ್ರೀ?" ಅಂದರು, ಆಮೇಲೆ "ತಂಗೀ" ಆಯಿತು. ಎಸ್ಟಿಮೇಟ್ ತೋರಿಸಿದೆ. ಓದಿ ಮಡಚಿ ವಾಪಸ್ ಕೊಟ್ಟರು. "ಪಂಪ್ ಕೆಟ್ಟಿದ್ರ ಮುಂಜಾನೆ ಹೆಂಗ ಚಾಲೂ ಆಗ್ತಿತ್ತು? ನಾಕೂ ಬದ್ಲಿ ಮಾಡೂದು ಯಾವಾಗಿದ್ರೂ ಐತಿ. ಮೊದ್ಲ ಯಾವ್ದು ಸೋರಾಕತ್ತೈತಿ ನೋಡೂಣು."

ಪರೀಕ್ಷೆಗೆ ಬೇಕಾದದ್ದು ನಾಲ್ಕು ಪಾರದರ್ಶಕ ಬಾಟಲಿ, ನಾಲ್ಕು ತುಂಡು ಕೊಳವೆ. ಇಂಜೆಕ್ಟರ್‌ಗಳ ರಿಟರ್ನ್ ಪೈಪು ಕಳಚಿ, ಒಂದೊಂದನ್ನೂ ಒಂದೊಂದು ಬಾಟಲಿಗೆ ಬಿಟ್ಟು, ಬಿಸಿ ಎಂಜಿನ್ನನ್ನು ಕೆಲವು ನಿಮಿಷ ಓಡಿಸುವುದು. ರಿಟರ್ನಿನಲ್ಲಿ ಒತ್ತಡ ಕಡಿಮೆ, ಹಾಗಾಗಿ ಅದು ಸಾಧ್ಯ. ಕಾಕಾ ನೀರಿನ ಬಾಟಲಿಗಳನ್ನೇ ತಂತಿಯಿಂದ ಬಾನೆಟ್ಟಿಗೆ ತೂಗುಹಾಕಿದರು. ಮೂರು ಬಾಟಲಿಯಲ್ಲಿ ಎರಡು ಬೆರಳು ಡೀಸೆಲ್. ಮೂರನೇ ಸಿಲಿಂಡರಿನ ಬಾಟಲಿ ಅಷ್ಟರಲ್ಲೇ ಕುತ್ತಿಗೆಯವರೆಗೆ ಬಂದಿತ್ತು. ನಾವಿಬ್ಬರೂ ಏನೂ ಮಾತಾಡಲಿಲ್ಲ. ಒಂದು ಲಕ್ಷದ ಎಸ್ಟಿಮೇಟಿಗೆ ಉತ್ತರ ಹತ್ತು ರೂಪಾಯಿಯ ಬಾಟಲಿಯಲ್ಲಿತ್ತು.

ನಾಲ್ಕನ್ನೂ ಬಿಚ್ಚಿ ಟೆಸ್ಟ್ ಬೆಂಚಿನ ಮೇಲೆ ಏರಿಸಿದರು. ಮೂರನೆಯದು ರಿಪೇರಿಗೆ ದಾಟಿಹೋಗಿತ್ತು. ಎರಡನೆಯದು ಅಂಚಿನಲ್ಲಿತ್ತು, ಅದರ ವಾಲ್ವ್ ಬದಲಿಸಿ ಸರಿ ಮಾಡಿದರು. ಒಂದು ಮತ್ತು ನಾಲ್ಕು ಗಟ್ಟಿ. ಅಂದರೆ ಬೇಕಾದದ್ದು ಒಂದೇ ಒಂದು ಹೊಸ ಇಂಜೆಕ್ಟರ್. ಅದನ್ನು ಹುಡುಕಲು ನಾನಾ ಪೇಠಿಗೆ ಹೋದೆ.

ನಾನಾ ಪೇಠಿನ ಬಿಡಿಭಾಗದ ಅಂಗಡಿಗಳಲ್ಲಿ ಹೆಂಗಸೊಬ್ಬಳು ಒಬ್ಬಳೇ ಬಂದರೆ ಸ್ಕೂಟಿಯ ಕನ್ನಡಿಗೆ ಬಂದಿದ್ದಾಳೆ ಅಂದುಕೊಳ್ಳುತ್ತಾರೆ. ಲಿನಿಯಾದ ಇಂಜೆಕ್ಟರ್ ಅಂದಾಗ ಮೊದಲ ಅಂಗಡಿಯವರು ಕೈ ಅಲ್ಲಾಡಿಸಿದರು, ಆ ಗಾಡಿ ಬಂದ್ ಆಯಿತು, ಏನೂ ಸಿಗೋದಿಲ್ಲ. ಎರಡನೆಯವರು ಸ್ವಿಫ್ಟಿನದು ಹಾಕಿಕೊಳ್ಳಿ, ಎಲ್ಲ ಒಂದೇ ಎಂಜಿನ್ ಅಂದರು. ಇಬ್ಬರ ಮಾತೂ ಅರ್ಧ ಸತ್ಯ, ಅದಕ್ಕೇ ಎರಡೂ ಅಪಾಯ.

ಈ 1248 ಸಿಸಿ ಎಂಜಿನ್ನಿಗೆ ವಾಹನದ ಮಂದಿ ತಮಾಷೆಗೆ ರಾಷ್ಟ್ರೀಯ ಎಂಜಿನ್ ಅನ್ನುತ್ತಿದ್ದರು. ಫಿಯೆಟ್ಟಿನಲ್ಲಿ ಮಲ್ಟಿಜೆಟ್, ಮಾರುತಿಯಲ್ಲಿ ಡಿಡಿಐಎಸ್, ಟಾಟಾದಲ್ಲಿ ಕ್ವಾಡ್ರಾಜೆಟ್, ಹೆಸರು ಬೇರೆ, ಮೂಲ ಒಂದೇ. ಸ್ವಿಫ್ಟ್, ಡಿಸೈರ್, ರಿಟ್ಜ್, ಎರ್ಟಿಗಾ, ಇಂಡಿಕಾ ವಿಸ್ಟಾ, ಮಾಂಜಾ ಎಲ್ಲದರ ಹೊಟ್ಟೆಯಲ್ಲೂ ಇದೇ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಬಂದಾಗ ಮಾರುತಿ ಡೀಸೆಲ್ ಕಾರು ನಿಲ್ಲಿಸಿತು, ಆದರೆ ರಸ್ತೆಯಲ್ಲಿ ಲಕ್ಷಾಂತರ ಇವೆ. ಅಷ್ಟು ಗಾಡಿಗಳಿಗೆ ಬೇಕಾದ ನೀರಿನ ಪಂಪು, ಟೈಮಿಂಗ್ ಚೈನು, ಗ್ಲೋ ಪ್ಲಗ್ಗು, ಫಿಲ್ಟರು ಸಿಗುತ್ತಿರುವವರೆಗೆ ಲಿನಿಯಾದ ಹೃದಯಕ್ಕೆ ಭಯವಿಲ್ಲ. ಆದರೆ ಮೂಲ ಒಂದಾದರೂ ಮಕ್ಕಳು ಬೇರೆ ಬೇರೆ. ಸ್ವಿಫ್ಟಿನದು 75 ಅಶ್ವಶಕ್ತಿ, ಸಾದಾ ಟರ್ಬೊ. ತೊಂಬತ್ತರ ಮೇಲಿನ ಎಂಜಿನ್‌ಗಳಲ್ಲಿ ಒಳಗಿನ ರೆಕ್ಕೆ ಹೊರಳುವ ಟರ್ಬೊ. ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. ಕಂಪ್ಯೂಟರ್ ಬೇರೆ, ಎಂಜಿನ್ ಕೂರಿಸುವ ರಬ್ಬರು ಬೇರೆ. ಇಂಜೆಕ್ಟರಂತೂ ಹೊರಗಿನಿಂದ ಅವಳಿ-ಜವಳಿಯ ಹಾಗೆ ಕಾಣುತ್ತವೆ, ನಂಬರಿನ ಕೊನೆಯ ಮೂರು ಅಂಕಿ ನೋಡಿದರಷ್ಟೇ ಗೊತ್ತಾಗುವುದು.

ಆದ್ದರಿಂದ ನಾನು ಗಾಡಿಯ ಹೆಸರು ಹೇಳುವುದನ್ನೇ ಬಿಟ್ಟೆ. ಹಳೆಯ ಇಂಜೆಕ್ಟರನ್ನು ಒರೆಸಿ, ಅದರ ಮೈಮೇಲಿನ 0445110 ಅಂತ ಶುರುವಾಗುವ ಬಾಷ್ ನಂಬರನ್ನು ಕಾಗದದ ಮೇಲೆ ಬರೆದು ಕೌಂಟರಿನ ಮೇಲಿಟ್ಟೆ. ನಂಬರು ಕಂಡದ್ದೇ ಅಂಗಡಿಯವರ ಮುಖಭಾವ ಬದಲಾಯಿತು. ಕಂಪ್ಯೂಟರಿನಲ್ಲಿ ನೋಡಿದರು, ಮುಂಬೈಗೆ ಫೋನ್ ಮಾಡಿದರು, ಮೂರನೇ ದಿನ ಬಂತು. ಫಿಯೆಟ್ಟಿನ ಉಳಿದ ಭಾಗಗಳಿಗೂ ಎಂಟು ಅಂಕಿಯ ನಂಬರು ಇರುತ್ತದೆ. ಹಳೆಯ ಭಾಗ ಎಸೆಯುವ ಮೊದಲು ಮೊಬೈಲಿನಲ್ಲಿ ಅದರ ಫೋಟೊ ತೆಗೆದಿಡುವುದು ಈಗ ನನಗೆ ಅಭ್ಯಾಸ. ಸೀರೆಗೆ ಮ್ಯಾಚಿಂಗ್ ಬ್ಲೌಸ್ ಪೀಸು ತರಲು ನಾವು ಸೀರೆಯನ್ನೇ ಒಯ್ಯುತ್ತೇವಲ್ಲ, ಹಾಗೆ.

ಕೂರಿಸುವಾಗಿನ ಒಂದು ಸಂಗತಿ ನನಗೆ ತುಂಬ ಹಿಡಿಸಿತು. ಪ್ರತಿ ಇಂಜೆಕ್ಟರಿನ ತಲೆಯ ಮೇಲೂ ಅಕ್ಷರ-ಅಂಕಿಗಳ ಒಂದು ಸಾಲು ಕೊರೆದಿರುತ್ತಾರೆ. ಅದು ನಂಬರಲ್ಲ, ಜಾತಕ. ಎಷ್ಟೇ ನಾಜೂಕಾಗಿ ಮಾಡಿದರೂ ಎರಡು ಇಂಜೆಕ್ಟರ್ ಕೂದಲೆಳೆಯಷ್ಟು ಬೇರೆಯಾಗೇ ಇರುತ್ತವೆ. ಒಂದು ತುಸು ಹೆಚ್ಚು ಚಿಮ್ಮಿಸುತ್ತದೆ, ಇನ್ನೊಂದು ತುಸು ಕಡಿಮೆ. ಕಾರ್ಖಾನೆಯಲ್ಲಿ ಅಳೆದು ಆ ವ್ಯತ್ಯಾಸವನ್ನು ಸಂಕೇತದಲ್ಲಿ ಬರೆದಿರುತ್ತಾರೆ. ಹೊಸದನ್ನು ಕೂರಿಸಿದ ಮೇಲೆ ಆ ಸಾಲನ್ನು ಗಾಡಿಯ ಕಂಪ್ಯೂಟರಿಗೆ ಉಣಿಸಬೇಕು, ಆಗ ಅದು ಅಳತೆ ಸರಿದೂಗಿಸಿಕೊಳ್ಳುತ್ತದೆ. ಉಣಿಸದಿದ್ದರೂ ಗಾಡಿ ಓಡುತ್ತದೆ, ನಡುಗುತ್ತಾ ಹೊಗೆಯುಗುಳುತ್ತಾ ಓಡುತ್ತದೆ. ಕಾಕಾ ಇಂಜೆಕ್ಟರಿನ ಬುಡಕ್ಕೆ ಹೊಸ ತಾಮ್ರದ ವಾಷರು ಹಾಕಿ ಬಿಗಿದರು. ಹಳೆಯ ವಾಷರು ಮತ್ತೆ ಹಾಕಿದರೆ ಅಲ್ಲಿಂದ ಗಾಳಿ ಹಾರಿ ಸುತ್ತ ಡಾಂಬರಿನಂಥ ಮಸಿ ಕಟ್ಟುತ್ತದೆ. ಕೋಡ್ ತುಂಬಿದ್ದು ನಾನು. ಕೀಲಿ ತಿರುವುವ ಮೊದಲು ಕಾಕಾ ಎರಡು ಕೈ ಜೋಡಿಸಿದರು, ನಾನು ಲ್ಯಾಪ್‌ಟಾಪ್ ನೋಡುತ್ತಿದ್ದೆ. ಒತ್ತಡದ ಅಂಕಿ ಎಲ್ಲೂ ನಿಲ್ಲದೆ ಮೇಲೆ ಹೋಯಿತು. ಎಲ್ಲ ಸೇರಿ ಆದ ಖರ್ಚು ಇಪ್ಪತ್ಮೂರು ಸಾವಿರ.

ಇಂಜೆಕ್ಟರ್ ಸವೆಯಲು ಮುಖ್ಯ ಕಾರಣ ಡೀಸೆಲಿನ ನೀರು ಮತ್ತು ಕಣ್ಣಿಗೆ ಕಾಣದ ಧೂಳು. ಅವೆರಡನ್ನೂ ತಡೆಯುವುದು ಡೀಸೆಲ್ ಫಿಲ್ಟರು. ಅಲ್ಲಿ ನೂರಿನ್ನೂರು ಉಳಿಸಲು ಅಗ್ಗದ ನಕಲಿ ಫಿಲ್ಟರು ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಎಂಜಿನ್ ಆಯಿಲ್ ಕೂಡ ಹಾಗೇ. ಈ ಎಂಜಿನ್ನಿನ ಟೈಮಿಂಗ್ ಚೈನು ಬದಲಿಸಬೇಕಿಲ್ಲ ಅಂತ ಹೇಳುತ್ತಾರೆ, ಆಯಿಲ್ ಹೊತ್ತಿಗೆ ಬದಲಿಸದಿದ್ದರೆ ಅದೂ ಜಗ್ಗುತ್ತದೆ.

ಎಂಜಿನ್ ಸುಲಭ, ಮೈ ಕಷ್ಟ. ಸಸ್ಪೆನ್ಶನ್ನಿನ ಬಹಳಷ್ಟು ಭಾಗ ಪುಂಟೊದ ಜೊತೆ ಹಂಚಿಕೊಂಡದ್ದು, ಹುಡುಕಿದರೆ ಸಿಗುತ್ತದೆ. ಹೆಡ್‌ಲ್ಯಾಂಪು, ಬಂಪರು, ಹಿಂದಿನ ದೀಪ, ಬಾಗಿಲಿನ ರಬ್ಬರು ಲಿನಿಯಾಕ್ಕೆ ಮಾತ್ರ ಸೇರಿದ್ದು. ಇವಕ್ಕೆ ಗುಜರಿಯೇ ಗತಿ. ಚೆನ್ನೈನವರಿಗೆ ಪುದುಪೇಟೆ, ದಿಲ್ಲಿಯವರಿಗೆ ಮಾಯಾಪುರಿ, ಮುಂಬೈಗೆ ಕುರ್ಲಾ ಇದ್ದಂತೆ ನಮಗೆ ಚಿಖಲಿಯ ಕುದಳವಾಡಿ ಇತ್ತು. 2025ರ ಫೆಬ್ರವರಿಯಲ್ಲಿ ಪಾಲಿಕೆ ಅಲ್ಲಿನ ಶೆಡ್ಡುಗಳನ್ನು ನೆಲಸಮ ಮಾಡಿದ ಮೇಲೆ ಆ ವ್ಯಾಪಾರ ಚೆಲ್ಲಾಪಿಲ್ಲಿಯಾಯಿತು. ಈಗ ಒಬ್ಬರಿಗೆ ಫೋನ್ ಮಾಡಿದರೆ ಅವರು ಇನ್ನೊಬ್ಬರ ನಂಬರು ಕೊಡುತ್ತಾರೆ. ಗುಜರಿಯಲ್ಲಿ ನಾನು ಗಾಜು, ದೀಪ, ಹಿಡಿಕೆ, ಸ್ವಿಚ್ಚು ಕೊಳ್ಳುತ್ತೇನೆ. ಬ್ರೇಕಿನ ಭಾಗ, ರಬ್ಬರಿನ ಯಾವುದೇ ವಸ್ತು, ಏರ್‌ಬ್ಯಾಗು ಎಷ್ಟು ಅಗ್ಗವಾಗಿ ಕೊಟ್ಟರೂ ಮುಟ್ಟುವುದಿಲ್ಲ.

ನವೀಕರಣದ ಮಾತು. ಖಾಸಗಿ ಕಾರಿನ ಆರ್‌ಸಿ ಹದಿನೈದು ವರ್ಷ, ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ವರೆಗೆ 600 ರೂಪಾಯಿ ಇದ್ದ ಶುಲ್ಕ ಈಗ 5,000. ಇಲ್ಲಿ ಹಸಿರು ತೆರಿಗೆ ಬೇರೆ. ದಿಲ್ಲಿ ಕಡೆಯ ನಮ್ಮ ಕನ್ನಡದ ಗೆಳತಿಯರಿಗೆ ಈ ಭಾಗ್ಯವೂ ಇಲ್ಲ, ಅಲ್ಲಿ ಡೀಸೆಲಿಗೆ ಹತ್ತು ವರ್ಷದ ಮಿತಿ. ತಪಾಸಣೆಗೆ ಮೊದಲು ಇಜಿಆರ್ ವಾಲ್ವ್ ಬಿಚ್ಚಿ ತೊಳೆಸಿದೆ. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೇ ಕಳಿಸುವ ಬಾಗಿಲು ಅದು. ನಮ್ಮ ಒಲೆಯ ಮೇಲಿನ ಚಿಮಣಿಯ ಜಾಲರಿಯಷ್ಟೇ ಜಿಡ್ಡು, ಬಣ್ಣ ಮಾತ್ರ ಕಪ್ಪು. ನನ್ನದು ಬಿಎಸ್4 ಗಾಡಿ, ಹೊಗೆಯ ಮಿತಿ 1.62. ಬಂದದ್ದು 0.8.

ಪಾಸಾಯಿತು ಅಂದಮಾತ್ರಕ್ಕೆ ಗಾಡಿ ಸಾಧುವಲ್ಲ. ಬಿಎಸ್4 ಡೀಸೆಲ್ ಕಾರಿಗೆ ಕಿಲೋಮೀಟರಿಗೆ 25 ಮಿಲಿಗ್ರಾಮ್ ಮಸಿ ಉಗುಳಲು ಅನುಮತಿ ಇತ್ತು, ಬಿಎಸ್6ಗೆ 4.5 ಮಾತ್ರ. ನಾಲ್ಕನೇ ಮಹಡಿಯಲ್ಲಿ ಮಗಳ ನೆಬ್ಯುಲೈಸರ್ ಇಟ್ಟುಕೊಂಡ ನೆರೆಮನೆಯವರ ಎದುರು ಈ ಲೆಕ್ಕವನ್ನು ನಾನು ತಳ್ಳಿಹಾಕಲಾರೆ. ಹಾಗಾಗಿ ಲಿನಿಯಾ ಊರೊಳಗೆ ಓಡುವುದಿಲ್ಲ. ಹಿಂಜವಡಿಗೆ ಕಂಪನಿಯ ಬಸ್ಸು. ಗಾಡಿ ಹೊರಡುವುದು ಧಾರವಾಡಕ್ಕೆ ಮಾತ್ರ. ಅದು ಎಂಜಿನ್ನಿಗೂ ಒಳ್ಳೆಯದೇ. ಅರ್ಧರ್ಧ ಕಿಲೋಮೀಟರಿಗೆ ನಿಂತು ಹೊರಡುವ ಡೀಸೆಲ್ ಗಾಡಿಯಲ್ಲಿ ಮಸಿ ಬೇಗ ಕಟ್ಟುತ್ತದೆ. ಇನ್ನೈದು ವರ್ಷದ ಮೇಲೆ ಮತ್ತೆ ನವೀಕರಿಸುತ್ತೇನಾ ಅಂತ ಕೇಳಿದರೆ, ಇಲ್ಲ ಅಂತಲೇ ಈಗಿನ ಯೋಚನೆ.

ಕಳೆದ ದೀಪಾವಳಿಗೆ ಅವ್ವನನ್ನು ಕರೆತಂದಾಗ ಬೇಕೆಂದೇ ನಿಪ್ಪಾಣಿಯ ಅದೇ ಹೋಟೆಲಿನ ಮುಂದೆ ನಿಲ್ಲಿಸಿ ಎಂಜಿನ್ ಆರಿಸಿದೆ. ಅವ್ವ ಚಹಾ ಬೇಡ ಅಂದಳು, "ಮೊದ್ಲ ಚಾಲೂ ಮಾಡಿ ತೋರ್ಸು." ಒಂದೇ ತಿರುವಿಗೆ ಹಿಡಿಯಿತು. ಆಮೇಲೆ ಚಹಾ ಕುಡಿದಳು.

ಕೊನೆಗೆ ಎರಡು ವಿಷಯ. ನಿಮ್ಮಲ್ಲಿ ಯಾರಿಗಾದರೂ ವರ್ಕ್‌ಶಾಪಿನವರು ಎಸ್ಟಿಮೇಟ್ ಕೊಟ್ಟಿದ್ದರೆ, ದುಡ್ಡು ಕಟ್ಟುವ ಮೊದಲು ಅದರ ಫೋಟೊ ನನಗೆ ಕಳಿಸಿ. ಸ್ಕ್ಯಾನರಿನ ಡಬ್ಬಿ ನನ್ನ ಬ್ಯಾಗಿನಲ್ಲೇ ಇರುತ್ತದೆ, ಭಾನುವಾರ ಬೆಳಿಗ್ಗೆ ನಿಮ್ಮ ಪಾರ್ಕಿಂಗಿಗೆ ಬಂದು ನೋಡುತ್ತೇನೆ. ಎರಡನೆಯದು ನನ್ನ ಸ್ವಾರ್ಥ. ಹಿಂದಿನ ಬಲಬಾಗಿಲಿನ ರಬ್ಬರು ಇನ್ನೂ ಸಿಕ್ಕಿಲ್ಲ, ಮಳೆಗಾಲದಲ್ಲಿ ಅವ್ವನ ಸೆರಗು ಒದ್ದೆಯಾಗುತ್ತದೆ. ನಿಮ್ಮ ಸೊಸೈಟಿಯ ಮೂಲೆಯಲ್ಲಿ ಟೈರಿನ ಗಾಳಿ ಹೋಗಿ ಧೂಳು ಹಿಡಿದು ನಿಂತ ಲಿನಿಯಾ ಏನಾದರೂ ಕಂಡರೆ, ಮಾಲೀಕರು ಯಾರು ಅಂತ ವಿಚಾರಿಸಿ ತಿಳಿಸಿ. ಬಣ್ಣ ಯಾವುದಾದರೂ ನಡೆಯುತ್ತದೆ, ರಬ್ಬರು ಎಲ್ಲದರದೂ ಕಪ್ಪೇ.